ಗುರುವಾರದ ರಸೀದಿ

ಭದ್ರಾವತಿ ಸ್ಟೇಷನ್ನಿನ ಹೊರಗೆ ಬಂದ ಕೂಡಲೇ ಯಜ್ಞನಾರಾಯಣನ ಕಣ್ಣಿಗೆ ಬಿದ್ದದ್ದು ಒಂದು ಲಾರಿಯ ಬಾಗಿಲ ಮೇಲೆ ಹಳದಿ ಬಣ್ಣದಲ್ಲಿ ಬರೆಸಿದ್ದ ಹೆಸರು: ಎಸ್. ವೆಂಕಟಾಚಲ, ಇದ್ದಿಲು ಮತ್ತು ಸೌದೆ ಕಂಟ್ರಾಕ್ಟರ್. ಅಲ್ಲ, ಇದ್ದಿಲು ಮಾರುವವನಿಗೆ ಇಷ್ಟು ಚೆಂದದ ಅಕ್ಷರ ಯಾಕೆ ಬೇಕಿತ್ತು? ಲಾರಿಯಲ್ಲಿದ್ದ ಮೂಟೆಗಳು ಕರಿ, ಮೂಟೆಗಳ ಮೇಲೆ ಕೂತ ಆಳುಗಳ ಮುಖ ಕರಿ, ಗಾಲಿಯ ಕೆಳಗಿನ ಮಣ್ಣೂ ಕರಿ. ಹೆಸರೊಂದು ಮಾತ್ರ ಈಗ ತಾನೇ ಅರಿಶಿನ ಹಚ್ಚಿಸಿಕೊಂಡ ಮದುಮಗಳ ಹಾಗೆ ಹೊಳೆಯುತ್ತಿತ್ತು. ನೋಡದವನಂತೆ ನಡೆದುಬಿಡೋಣ ಎಂದುಕೊಂಡ. ಅಷ್ಟರಲ್ಲಿ ತಮಿಳಿನ ಡ್ರೈವರು ಇಳಿದು ಬಂದು, ಶಿವಮೊಗ್ಗದ ಮೇಷ್ಟ್ರು ನೀವೇ ತಾನೆ, ಕರಕೊಂಡು ಬಾ ಅಂತ ಮೊದಲಾಳಿ ಕಳಿಸಿದ್ದಾರೆ ಎಂದ. ಬಾಗಿಲು ತೆಗೆದು ತನ್ನ ಹೆಗಲ ಮೇಲಿನ ಟವೆಲಿನಿಂದ ಸೀಟು ಒರೆಸಿದ. ಆ ಮರ್ಯಾದೆ ತನಗಲ್ಲ, ಅವನ ಧಣಿಯ ಗೆಳೆಯನಿಗೆ ಎಂದು ಯಜ್ಞನಾರಾಯಣನಿಗೆ ಗೊತ್ತಿತ್ತು. ಆದರೂ ಹತ್ತಿ ಕೂತ. ತೊಡೆಯ ಮೇಲೆ ಬಟ್ಟೆಯ ಚೀಲ, ಚೀಲದೊಳಗೆ ರಸೀದಿ ಪುಸ್ತಕ. ಅವನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಕೋಟೆ ಬೀದಿಯ ಬಡ ವಿದ್ಯಾರ್ಥಿಗಳ ಭೋಜನಾಲಯಕ್ಕೆ ಗೌರವ ಕಾರ್ಯದರ್ಶಿ. ಗೌರವ ಎಂದರೆ ಸಂಬಳವಿಲ್ಲ ಎಂದರ್ಥ, ಮತ್ತೇನೂ ಅಲ್ಲ.

ವೆಂಕಟಾಚಲ ಆ ಭೋಜನಾಲಯಕ್ಕೆ ಹೊಸ ಊಟದ ಹಾಲ್ ಕಟ್ಟಿಸಲು ಹತ್ತು ಸಾವಿರ ಕೊಡುತ್ತಾನೆ ಎಂಬ ಸುದ್ದಿ ಬಂದ ದಿನ ಕಮಿಟಿಯವರೆಲ್ಲ ಮದುವೆ ಮನೆಯವರ ಹಾಗೆ ನಕ್ಕಿದ್ದರು. ಅವನೂ ನಕ್ಕಿದ್ದ. ನಕ್ಕು ನಕ್ಕು ಮನೆಗೆ ಬಂದು ಕೊಡೆ ಮಡಿಸುವಾಗ ಅದರ ಕಡ್ಡಿ ಮುರಿದುಹಾಕಿದ್ದ. ನಿನ್ನೆ ಅಧ್ಯಕ್ಷರಾದ ವಕೀಲ ಪರಮೇಶ್ವರಪ್ಪನವರು ಕರೆಸಿ ಕೂರಿಸಿಕೊಂಡು, ಸ್ವಾತಂತ್ರ್ಯ ಬಂದ ಮೇಲಿನ ಹೊಸ ಕಾನೂನನ್ನು ದಡ್ಡ ಹುಡುಗನಿಗೆ ಲೆಕ್ಕ ಹೇಳಿಕೊಡುವಂತೆ ಹೇಳಿಕೊಟ್ಟಿದ್ದರು. "ನೋಡಿ ಮೇಷ್ಟ್ರೆ, ದಾನ ಕೊಟ್ಟ ದುಡ್ಡನ್ನ ಆದಾಯದಲ್ಲಿ ಕಳೆದು, ಮಿಕ್ಕಿದ್ದಕ್ಕೆ ಮಾತ್ರ ತೆರಿಗೆ ಹಾಕ್ತಾರೆ. ಸಂಸ್ಥೆ ಸರ್ಕಾರ ಒಪ್ಪಿದ್ದಾಗಿರಬೇಕು, ಅದು ನಮಗಾಗಿದೆ. ರಸೀದಿ ತೆರಿಗೆ ಕಟ್ಟೋನ ಹೆಸರಲ್ಲೇ ಇರಬೇಕು. ನಮ್ಮ ಜನಕ್ಕೆ ಪುಣ್ಯದ ಹುಚ್ಚು, ಸತ್ತೋರ ಹೆಸರಲ್ಲಿ ಬರೆಸ್ಕೊಂಡು ಹೋಗ್ತಾರೆ. ಸತ್ತೋರು ತೆರಿಗೆ ಕಟ್ತಾರೇನ್ರಿ? ಗೋಡೆ ಮೇಲೆ ಕಲ್ಲು ಹಾಕಿಸಿ ಯಾರ ಹೆಸರಾದ್ರೂ ಕೆತ್ತಿಸ್ಕೊಳ್ಳಲಿ, ಕಾನೂನಿಗೆ ಅದರ ಗೊಡವೆ ಇಲ್ಲ." ಇಷ್ಟು ಹೇಳಿ, ಮರೀಬೇಡಿ ಎಂದು ಎರಡು ಸಲ ಎಚ್ಚರಿಸಿದ್ದರು. ಮರೆಯುವ ಮಾತೇ ಇರಲಿಲ್ಲ. ರಾತ್ರಿಯೆಲ್ಲ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ಅಂದರೆ ವೆಂಕಟಾಚಲ ಕೊಡುವ ಹತ್ತು ಸಾವಿರದಲ್ಲಿ ಒಂದು ಪಾಲು, ಅವನು ಹೇಗಿದ್ದರೂ ಸರ್ಕಾರಕ್ಕೆ ಕಟ್ಟಬೇಕಾಗಿದ್ದ ದುಡ್ಡೇ. ಅದು ಅವನ ಜೇಬಿನಲ್ಲೇ ಉಳಿಯುತ್ತದೆ. ಹೆಸರೂ ಬಂತು, ಪುಣ್ಯವೂ ಬಂತು, ಮೇಲೆ ಚಿಲ್ಲರೆಯೂ ವಾಪಸ್ಸು ಬಂತು. ಯಜ್ಞನಾರಾಯಣ ಮದುವೆಯಾದಾಗಿನಿಂದ ಸಂಬಳದಲ್ಲಿ ತಿಂಗಳಿಗೆ ಎರಡು ರೂಪಾಯಿ ಕೊಡುತ್ತಿದ್ದಾನೆ. ಅವನ ಹೆಂಡತಿ ವಿಮಲಮ್ಮ ಅನ್ನಕ್ಕಿಡುವ ಮೊದಲು ದಿನಾ ಒಂದು ಹಿಡಿ ಅಕ್ಕಿ ತೆಗೆದು ಮೂಲೆಯ ಮಡಕೆಗೆ ಹಾಕುತ್ತಾಳೆ. ಅಂಥ ಮಡಕೆ ಕೋಟೆ ಬೀದಿಯಲ್ಲಿ ಮನೆಮನೆಗೂ ಇದೆ. ಭಾನುವಾರ ಚೀಲ ಹಿಡಿದು ಬಾಗಿಲು ಬಾಗಿಲಿಗೆ ಹೋಗಿ ಅದನ್ನು ಸುರಿಸಿಕೊಂಡು ಬರುವವನು ಅವನೇ. ಆ ಹಿಡಿ ಅಕ್ಕಿಗೆ ರಸೀದಿಯಿಲ್ಲ. ಅದನ್ನು ಕೊಡುವವರಿಗೆ ಸರ್ಕಾರ ಏನನ್ನೂ ಬಿಟ್ಟುಕೊಡುವುದಿಲ್ಲ, ಯಾಕೆಂದರೆ ತೆರಿಗೆ ಕಟ್ಟುವಷ್ಟು ದುಡಿಯುವವರು ಅವರಲ್ಲಿ ಯಾರೂ ಇಲ್ಲ. ಕಟ್ಟದ ತೆರಿಗೆಯಲ್ಲಿ ಬಿಡುವುದಾದರೂ ಏನನ್ನು? ಅಷ್ಟು ಮಾಡಿಯೂ ವಾರದಲ್ಲಿ ಒಂದು ದಿನದ ಅಕ್ಕಿ ಕಡಿಮೆ ಬೀಳುತ್ತಿತ್ತು. ಗುರುವಾರ ಭೋಜನಾಲಯದ ಒಲೆ ಹೊತ್ತುವುದಿಲ್ಲ, ಹುಡುಗರು ಹಳೆಯ ಕಾಲದ ವಾರಾನ್ನದ ಹಾಗೆ ಒಬ್ಬೊಬ್ಬರು ಒಂದೊಂದು ಮನೆಗೆ ಉಣ್ಣಲು ಹೋಗುತ್ತಾರೆ. ಯಾವ ದಿನ ಒಲೆ ಹಚ್ಚದೆ ಇರೋಣ ಎಂದು ಕಮಿಟಿಯಲ್ಲಿ ಮಾತು ಬಂದಾಗ ಗುರುವಾರ ಎಂದವನು ಅವನೇ. ಯಾಕೆ ಎಂದು ಯಾರೂ ಕೇಳಲಿಲ್ಲ, ಕೇಳಿದ್ದರೆ ಹೇಳುತ್ತಲೂ ಇರಲಿಲ್ಲ.

ಅವನು ಹುಡುಗನಾಗಿದ್ದಾಗ ಗುರುವಾರ ಶಾಂತಮ್ಮನ ಮನೆ. ಹೊಳಲೂರಿನಿಂದ ತಾಯಿಯಿಲ್ಲದ ಹುಡುಗನೊಬ್ಬ ಓದಲು ಶಿವಮೊಗ್ಗಕ್ಕೆ ಬಂದು, ಸೋಮವಾರ ಛತ್ರದ ಭಟ್ಟರ ಮನೆ, ಮಂಗಳವಾರ ಅಮಲ್ದಾರರ ಮನೆ ಎಂದು ವಾರಕ್ಕೆ ಏಳು ಬಾಗಿಲು ಗೊತ್ತುಮಾಡಿಕೊಂಡಿದ್ದ. ಕೆಲವು ಮನೆಯಲ್ಲಿ ಜಗಲಿಯಲ್ಲೇ ಎಲೆ, ಕೆಲವು ಮನೆಯಲ್ಲಿ ಎಲ್ಲರದ್ದೂ ಆದ ಮೇಲೆ ತಣ್ಣಗಾದ ಸಾರು. ಅಮಲ್ದಾರರ ಹೆಂಡತಿ ಅನ್ನ ಬಡಿಸುವಾಗ ಎಲೆ ನೋಡುತ್ತಿರಲಿಲ್ಲ, ಅವನ ಬಾಯಿ ನೋಡುತ್ತಿದ್ದಳು. ಶಾಂತಮ್ಮ ಮಾತ್ರ ಒಳಗೆ, ಒಲೆಯ ಎದುರಿಗೆ, ತನ್ನ ಮಗ ವೆಂಕಟಾಚಲನ ಪಕ್ಕದಲ್ಲೇ ಎಲೆ ಹಾಕುತ್ತಿದ್ದಳು. ಗಂಡ ಸತ್ತವಳು, ಕೆಂಪು ಸೀರೆ, ಅವರಿವರ ಮನೆಗೆ ಹಪ್ಪಳ ಒತ್ತಿಕೊಟ್ಟು, ಶ್ರಾದ್ಧದ ಅಡಿಗೆ ಮಾಡಿ ಜೀವನ. ಮನೆಯಲ್ಲಿ ತುಪ್ಪ ಇದ್ದರೆ ಒಂದೇ ಮಿಳ್ಳೆ. ಆ ಮಿಳ್ಳೆ ಮೊದಲು ಅವನ ಎಲೆಗೆ ಬರುತ್ತಿತ್ತು. ಅವಳು ತುಪ್ಪ ಹಾಕುತ್ತಿದ್ದದ್ದು ಅವನಿಗೆ, ನೋಡುತ್ತಿದ್ದದ್ದು ಮಗನನ್ನು. ಆ ನೋಟ ಒಂದು ಸಲ, ಒಂದೇ ಸಲ ತನ್ನ ಕಡೆ ತಿರುಗಿದ್ದರೆ ತುಪ್ಪವಿಲ್ಲದೆ, ಸಾರೂ ಇಲ್ಲದೆ, ಬರೀ ಅನ್ನ ಉಂಡು ಏಳುತ್ತಿದ್ದೆ ಎಂದು ಲಾರಿಯಲ್ಲಿ ಕೂತ ನಲವತ್ತು ದಾಟಿದ ಮೇಷ್ಟ್ರಿಗೆ ಈಗಲೂ ಅನ್ನಿಸಿತು. ನಾಚಿಕೆಯಾಯಿತು. ಡ್ರೈವರು ಕಾರ್ಖಾನೆಯ ಚಿಮಣಿ ತೋರಿಸಿ, ಈ ಬೆಂಕಿ ಉರಿಯೋದೇ ನಮ್ಮ ಮೊದಲಾಳಿ ಇದ್ದಿಲಲ್ಲಿ ಎಂದು ಜಂಬದಿಂದ ಹೇಳುತ್ತಿದ್ದ.

ನ್ಯೂ ಟೌನಿನ ಒಂದೇ ಅಳತೆಯ ಮನೆಗಳನ್ನು ದಾಟಿ, ಹೊಳೆಯ ಕಡೆ ತಿರುಗಿದರೆ ವೆಂಕಟಾಚಲನ ಮನೆ. ಎರಡು ಅಂತಸ್ತು, ಕೆಂಪು ಗಾರೆ ನೆಲ, ಹಜಾರದಲ್ಲಿ ಬೆತ್ತದ ಕುರ್ಚಿಗಳು. ಒಳಗೆ ಕಾಲಿಟ್ಟರೆ ಎದುರು ಗೋಡೆಯಲ್ಲಿ ಗಂಧದ ಹಾರದೊಳಗೆ ಶಾಂತಮ್ಮ. ಕೊನೆಗಾಲದಲ್ಲಿ ತೆಗೆಸಿದ ಪಟ. ತಲೆಯ ಮೇಲೆ ಸೆರಗು, ಮೈ ತುಂಬಿಕೊಂಡು, ನೆಮ್ಮದಿಯಾದ ಮುಖ. ಯಜ್ಞನಾರಾಯಣ ಕಂಡ ಶಾಂತಮ್ಮನಿಗೆ ಕೆನ್ನೆ ಎಲ್ಲಿತ್ತು? ಇವಳು ಮಗ ದುಡಿದು ದಪ್ಪ ಮಾಡಿದ ಶಾಂತಮ್ಮ. ತನ್ನ ಹತ್ತಿರ ಪಟವಿಲ್ಲ, ಮೂರು ಕಾಸಿನ ಒಂದು ನೆನಪಿನ ಸಾಮಾನೂ ಇಲ್ಲ; ಇರುವುದೊಂದೇ, ತುಪ್ಪದ ಮಿಳ್ಳೆ ಹಿಡಿದ ಒಣಕಲು ಕೈ. ಅದೂ ಈ ಪಟದ ಎದುರಿಗೆ ನಿಂತರೆ ಅಳಿಸಿಹೋಗುತ್ತದೇನೋ ಎಂದು ಹೆದರಿ ಬೇರೆ ಕಡೆ ನೋಡಿದ. ವೆಂಕಟಾಚಲ ಒಳಗಿನಿಂದ ಬನಿಯನ್ನಿನಲ್ಲೇ ಓಡಿಬಂದು ಎರಡು ಕೈಯನ್ನೂ ಹಿಡಿದುಕೊಂಡ. ಬಾರೋ ಯಜ್ಞ, ಎಷ್ಟು ವರ್ಷ ಆಯ್ತು ಮಾರಾಯ ನಿನ್ನ ಮುಖ ನೋಡಿ ಎಂದ. ಅವನಿಗೆ ಹಾಗೆ ಸಲೀಸಾಗಿ 'ನೀನು' ಬಂತು. ಯಜ್ಞನಾರಾಯಣನಿಗೆ ಬರಲಿಲ್ಲ. 'ನೀವು' ಎಂದರೆ ಸಣ್ಣವನಾದೆ, 'ನೀನು' ಎಂದರೆ ಸರಿಸಮ ಕೂರಲು ಹೊರಟೆ. ಎರಡೂ ಬೇಡವೆಂದು ಆರೋಗ್ಯ ಹೇಗಿದೆ, ಮಳೆ ಹೇಗಿತ್ತು ಎಂದು ಗೋಡೆಯನ್ನು ಕೇಳುವವನ ಹಾಗೆ ಕೇಳಿದ.

ಚೆಕ್ಕು ಬರೆದಾಯಿತು. ವೆಂಕಟಾಚಲ ಬರೆಯುವಾಗ ನಾಲಿಗೆ ತುದಿ ಕಚ್ಚಿಕೊಳ್ಳುವುದು ಈಗಲೂ ಹೋಗಿರಲಿಲ್ಲ. ಹಿಂದೆ ಲೆಕ್ಕದ ಉತ್ತರ ಕಾಪಿ ಹೊಡೆಯುವಾಗ ಹಾಗೇ ಕಚ್ಚುತ್ತಿದ್ದ, ಯಜ್ಞನಾರಾಯಣನ ಸ್ಲೇಟಿನಿಂದ. ಆ ಸ್ಲೇಟಿನ ಲೆಕ್ಕದಲ್ಲಿ ಪಾಸಾದವನು ಇವತ್ತು ಹತ್ತು ಸಾವಿರ ಬರೆಯುತ್ತಾನೆ, ಸ್ಲೇಟಿನ ಯಜಮಾನ ಚೀಲ ಹಿಡಿದು ಕಾಯುತ್ತಾನೆ. ರಸೀದಿ ಪುಸ್ತಕ ತೆಗೆದು, ಕಾರ್ಬನ್ನು ಸರಿಮಾಡಿ, ಹೆಸರು ಎಂದು ಕೇಳಿದ. ಕೇಳುವಾಗಲೇ ಉತ್ತರ ಗೊತ್ತಿತ್ತು. ವೆಂಕಟಾಚಲ ಪಟದ ಕಡೆ ನೋಡಿ, "ಇನ್ಯಾರದ್ದು, ಅಮ್ಮಂದೇ ಬರಿ," ಎಂದ.

ಈಗ ಹೇಳಬೇಕಾಗಿತ್ತು. ಒಂದು ಮಾತು ಸಾಕಾಗಿತ್ತು: ರಸೀದಿ ನಿನ್ನ ಹೆಸರಲ್ಲಿರಲಿ, ಕಲ್ಲಿನ ಮೇಲೆ ಅಮ್ಮನ ಹೆಸರು ಹಾಕಿಸೋಣ. ಪರಮೇಶ್ವರಪ್ಪನವರು ಎರಡು ಸಲ ಹೇಳಿ ಕಳಿಸಿದ್ದು ಅದನ್ನೇ. ಪೆನ್ನಿನ ಮುಚ್ಚಳ ತಿರುಪುತ್ತಾ ಯಜ್ಞನಾರಾಯಣ ಆ ಮಾತನ್ನು ನಾಲಿಗೆಯ ಮೇಲೆ ಇಟ್ಟುಕೊಂಡ, ಅಲ್ಲೇ ಇಟ್ಟುಕೊಂಡ. ಕಟ್ಟಲಿ ತೆರಿಗೆ. ಪೂರ್ತಿ ಕಟ್ಟಲಿ. ದಾನ ಎಂದ ಮೇಲೆ ಅದು ಸ್ವಲ್ಪವಾದರೂ ನೋಯಬೇಕು; ಅಕ್ಕಿ ಡಬ್ಬಿಯ ತಳ ಕಾಣುವಾಗಲೂ ವಿಮಲಮ್ಮ ತೆಗೆಯುವ ಹಿಡಿ ನೋಯುತ್ತದೆ, ಇವನದ್ದು ಯಾಕೆ ನೋಯಬಾರದು? ಅಷ್ಟರಲ್ಲಿ ಮನಸ್ಸು ಇನ್ನೊಂದು ನೆಪವನ್ನು ತಂದುಕೊಟ್ಟಿತು: ಶಾಂತಮ್ಮನ ಹೆಸರು ಎಲ್ಲಾದರೂ ಬರೆಯಬೇಕಾದದ್ದೇ, ಬರೆಯಲು ನನಗಿಂತ ಅರ್ಹ ಯಾರು? ದುಂಡಗೆ ಬರೆದ. ಶ್ರೀಮತಿ ಶಾಂತಮ್ಮನವರಿಂದ ಸಂದಾಯವಾಯಿತು. ಕೆಳಗೆ ತನ್ನ ಸಹಿ. ವೆಂಕಟಾಚಲ ರಸೀದಿಯನ್ನು ಕಣ್ಣಿಗೊತ್ತಿಕೊಂಡು ಪಟದ ಚೌಕಟ್ಟಿಗೆ ಸಿಕ್ಕಿಸಿ, ಏನು ಅಕ್ಷರನೋ ನಿನ್ನದು, ಅಮ್ಮ ಯಾವಾಗಲೂ ಅದನ್ನೇ ಹೇಳೋಳು ಎಂದ. ಅಮ್ಮ ಏನು ಹೇಳುತ್ತಿದ್ದಳು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ರಸೀದಿ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದ.

ಊಟಕ್ಕೆ ಬೆಳ್ಳಿಯ ತಟ್ಟೆ ಇಟ್ಟಿದ್ದರು. ವೆಂಕಟಾಚಲನ ಹೆಂಡತಿ ಮೀರಾ ಒತ್ತಾಯ ಮಾಡಿ ಬಡಿಸಿದಳು. ಒಳ್ಳೆಯ ಹೆಂಗಸು, ಅದನ್ನೂ ಅವನಿಗೆ ಸಹಿಸಲಾಗಲಿಲ್ಲ. ಸಾರಿನ ಅನ್ನ ಕಲಸುತ್ತಾ ವೆಂಕಟಾಚಲ ಸರ್ಕಾರದ ಹೊಸ ರಿಯಾಯಿತಿಯ ವಿಷಯ ತಾನೇ ತೆಗೆದ. ತನ್ನ ಲೆಕ್ಕ ಬರೆಯುವ ಶಂಕರನಾರಾಯಣ ಊರಿಗೆ ಹೋಗುವ ಮೊದಲು ಹೇಳಿದ್ದನಂತೆ, ದಾನ ಕೊಟ್ಟದ್ದಕ್ಕೆ ತೆರಿಗೆಯಲ್ಲಿ ಮೂರು ಸಾವಿರದ ಹತ್ತಿರ ಉಳಿಯುತ್ತದೆ ಎಂದು. ಯಜ್ಞನಾರಾಯಣನ ಕೈ ತಟ್ಟೆಯಲ್ಲೇ ನಿಂತಿತು. ನೋಡಿದೆಯಾ, ಬಂತು ಬುದ್ಧಿ ಹೊರಗೆ, ವ್ಯಾಪಾರಿ ಎಲ್ಲಿದ್ದರೂ ವ್ಯಾಪಾರಿಯೇ ಎಂದು ಒಳಗೇ ಹಿಗ್ಗಿದ. ಉಳಿಯಲ್ಲ ಕಣೋ ಮಗನೆ, ಒಂದು ಕಾಸೂ ಉಳಿಯಲ್ಲ.

"ಆ ದುಡ್ಡನ್ನ ನಾನು ಇಟ್ಕೊಳ್ಳಲ್ಲ," ಎಂದ ವೆಂಕಟಾಚಲ. "ಅದನ್ನ ಗುರುವಾರಕ್ಕೆ ಇಡೋಣ ಅಂತ. ಗುರುವಾರ ನಿಮ್ಮಲ್ಲಿ ಒಲೆ ಹಚ್ಚಲ್ವಂತಲ್ಲ. ಬ್ಯಾಂಕಲ್ಲಿಟ್ರೆ ಬಡ್ಡೀಲೇ ಗುರುವಾರದ ಊಟ ನಡೀತದೆ. ವರ್ಷಾ ವರ್ಷಾ ಕೊಡ್ತೀನಿ, ವರ್ಷಾ ವರ್ಷಾ ಉಳಿದದ್ದನ್ನ ಅದಕ್ಕೇ ಸೇರಿಸ್ತೀನಿ. ಪಾಪ, ಆ ಹುಡುಗ್ರು ನೀನು ನಿಂತ ಹಾಗೆ ಕಂಡೋರ ಬಾಗಿಲಲ್ಲಿ ನಿಲ್ಲೋದು ಬೇಡ."

ನೀನು ನಿಂತ ಹಾಗೆ. ಮೀರಾ ಹುಳಿಯ ಸೌಟು ಹಿಡಿದು ನಿಂತಿದ್ದಳು; ಅವಳ ಮುಖದಲ್ಲಿ ಒಂದು ಮರುಕ ಮೂಡಿ ಮರೆಯಾದದ್ದನ್ನು ಅವನು ಕಂಡ. ಅಂದರೆ ಇವಳಿಗೂ ಗೊತ್ತು. ಈ ಮನೆಯಲ್ಲಿ ತನ್ನ ಕಥೆ ಊಟದ ಹೊತ್ತಿನ ಮಾತಾಗಿದೆ, ನಮ್ಮ ಮನೆಯಲ್ಲಿ ಉಂಡು ಬೆಳೆದವನು, ಪಾಪ, ಈಗ ಮೇಷ್ಟ್ರು. ಹೇಳಬೇಕು, ಈಗಲೇ ಹೇಳಬೇಕು. ರಸೀದಿ ಹಾಗಿದ್ದರೆ ಮೂರು ಸಾವಿರ ಉಳಿಯುವುದಿಲ್ಲ, ಮೂರು ಸಾವಿರ ಉಳಿಯದಿದ್ದರೆ ಗುರುವಾರವಿಲ್ಲ. ಭೋಜನಾಲಯದ ಹುಡುಗರು ಸಂಜೆ ಕೈಯಲ್ಲಿ ಲೋಟ ಹಿಡಿದು ಕೋಟೆ ಬೀದಿಯಲ್ಲಿ ಒಬ್ಬೊಬ್ಬರಾಗಿ ಚದುರುವುದು, ಯಾರದೋ ಜಗಲಿಯ ಕಂಬಕ್ಕೆ ಒರಗಿ ಒಳಗಿನ ಪಾತ್ರೆಯ ಸದ್ದಿಗೆ ಕಿವಿಗೊಡುವುದು ಅವನಿಗೆ ಗೊತ್ತಿಲ್ಲದ್ದೇ? ಗೊತ್ತಿದ್ದೂ ಮಜ್ಜಿಗೆಗೆ ಕೈ ಒಡ್ಡಿದ. ಕಂಡೋರ ಬಾಗಿಲು ಎಂದನಲ್ಲ ಇವನು. ಶಾಂತಮ್ಮನ ಬಾಗಿಲು ಕಂಡವರ ಬಾಗಿಲೇ? ಆ ಒಂದು ಬಾಗಿಲನ್ನಾದರೂ ತನ್ನದು ಎಂದುಕೊಂಡಿದ್ದೆನಲ್ಲ. ಹುಡುಗರು ಉಪವಾಸವಿದ್ದರೂ ಸರಿಯೇ, ಇವನ ಮುಂದೆ ಬಾಯಿ ಬಿಡಬಾರದು ಎಂದು ಯೋಚಿಸಿದ. ಯೋಚಿಸಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಊಟವಾದ ಮೇಲೆ ಹಜಾರದಲ್ಲಿ ಎಲೆ ಅಡಿಕೆಯ ತಟ್ಟೆ ನಡುವೆ ಇಟ್ಟುಕೊಂಡು ಇಬ್ಬರೇ ಕೂತರು. ವೆಂಕಟಾಚಲ ಎಲೆಯ ತೊಟ್ಟು ಮುರಿದ. ಆಮೇಲೆ ಪಟದ ಕಡೆ ಗಲ್ಲ ಎತ್ತಿ, ನಗುತ್ತಲೇ ಅಂದ: "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಗುರುವಾರ ಬಂತು ಅಂದ್ರೆ ನಂಗೆ ಹೊಟ್ಟೆ ಉರೀತಿತ್ತು ಮಾರಾಯ. ತುಪ್ಪಕ್ಕಲ್ಲ. ಬುಧವಾರ ರಾತ್ರಿಯಿಂದಲೇ ಅಮ್ಮ ನಿಂಗೆ ಏನು ಮಾಡೋದು ಅಂತ ಯೋಚನೆ ಮಾಡೋಳು. ನಿನ್ನ ಎಲೆಗೆ ಬಡಿಸಿ ನನ್ನ ಮುಖ ನೋಡೋಳು, ಎಲ್ಲಿ ಮಗ ಏನಾದ್ರೂ ಅಂದುಬಿಡ್ತಾನೋ ಅಂತ ಹೆದರಿಕೊಂಡು. ಆವತ್ತೊಂದು ದಿನ ಅವಳು ನನ್ನ ಅಮ್ಮ ಅಲ್ಲ ಅನ್ನಿಸ್ತಿತ್ತು."

ಯಜ್ಞನಾರಾಯಣ ಕೈಯಲ್ಲಿದ್ದ ಅಡಿಕೆಯನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ. ಆ ನೋಟ ಪ್ರೀತಿಯದ್ದಲ್ಲ, ಹೆದರಿಕೆಯದ್ದು. ತನಗೆ ಬಡಿಸಿದ್ದಕ್ಕೆ ಮಗನಿಗೆ ಹೆದರಿದ ನೋಟ. ಇಷ್ಟು ವರ್ಷ ತಾನು ಯಾವುದಕ್ಕೆ ಕರುಬಿದ್ದನೋ ಅದು ವೆಂಕಟಾಚಲನದ್ದಾಗಿರಲೇ ಇಲ್ಲ. ಇಬ್ಬರೂ ಒಂದೇ ಒಲೆಯ ಎದುರು ಕೂತು, ಒಬ್ಬನ ಎಲೆಯನ್ನು ಇನ್ನೊಬ್ಬ ನೋಡುತ್ತಾ ಉಂಡಿದ್ದರು. ನನಗೂ ಹಾಗೇ ಆಗುತ್ತಿತ್ತು ಕಣೋ ವೆಂಕಟ ಎಂದು ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಬರಲಾರದು. 'ನೀನು' ಎಂಬ ಮಾತೂ ಈಗ ಬಾಯಿಗೆ ಬರುತ್ತಿತ್ತು. ಆದರೆ ಇವನು ಎಷ್ಟು ಸುಲಭವಾಗಿ ಹೇಳಿ ಮುಗಿಸಿ, ಎಲೆಗೆ ಸುಣ್ಣ ಹಚ್ಚುತ್ತಿದ್ದಾನೆ! ದುಡ್ಡಿದ್ದವನಿಗೆ ಹೊಟ್ಟೆಕಿಚ್ಚನ್ನೂ ದಾನ ಮಾಡಿದ ಹಾಗೆ ಹೇಳಿಕೊಳ್ಳಲು ಬರುತ್ತದೆ. ಬುಧವಾರ ರಾತ್ರಿ ಅವಳ ಯೋಚನೆಯೆಲ್ಲ ತನ್ನದಾಗಿತ್ತು ಎಂದು ಈಗ ತಿಳಿಯಿತು. ಹಾಗಾದರೆ ಅವಳು ಇನ್ನಷ್ಟು ತನ್ನವಳು, ಮತ್ತು ಅವಳ ಹೆಸರು ಇವನ ಗೋಡೆಯಲ್ಲಿ ಸಿಕ್ಕಿಕೊಂಡಿದೆ.

ಎದ್ದು ಹೋಗಿ ಪಟದ ಚೌಕಟ್ಟಿನಿಂದ ರಸೀದಿ ಎಳೆದುಕೊಂಡ. "ತಪ್ಪಾಗಿದೆ," ಎಂದ. "ತೆರಿಗೆ ಕಟ್ಟೋರ ಹೆಸರಲ್ಲೇ ರಸೀದಿ ಇರಬೇಕಂತೆ. ಹೀಗಿದ್ರೆ ರಿಯಾಯಿತಿ ಸಿಗಲ್ಲ. ಗುರುವಾರದ ದುಡ್ಡು ಹೋಗ್ತದೆ." ಧ್ವನಿ ಗಟ್ಟಿಯಾಗಿತ್ತು, ತರಗತಿಯಲ್ಲಿ ಲೆಕ್ಕ ತಿದ್ದುವ ಧ್ವನಿ. ವೆಂಕಟಾಚಲ ಕಣ್ಣು ಕಣ್ಣು ಬಿಟ್ಟು ನೋಡಿದ. ಹೌದಾ, ಶಂಕರನಾರಾಯಣ ಇದನ್ನು ಹೇಳಲಿಲ್ಲವಲ್ಲ, ಸದ್ಯ ನೀನು ನೆನಪು ಮಾಡಿದೆಯಲ್ಲ, ನೀನಿಲ್ಲದಿದ್ದರೆ ಹುಡುಗರ ಗತಿ ಏನಾಗುತ್ತಿತ್ತು ಎಂದ. ಆ ಕೃತಜ್ಞತೆ ಯಜ್ಞನಾರಾಯಣನ ಮೈಯನ್ನು ಚುಚ್ಚಿತು. ಹಳೆಯ ರಸೀದಿಯ ಮೇಲೆ ಅಡ್ಡಗೆರೆ ಎಳೆದು, ಹೊಸದರಲ್ಲಿ ಶ್ರೀ ಎಸ್. ವೆಂಕಟಾಚಲ ಎಂದು ಬರೆದ. ಅಕ್ಷರ ಈ ಸಲ ಅಷ್ಟು ದುಂಡಗೆ ಬರಲಿಲ್ಲ.

ವೆಂಕಟಾಚಲ ಹೊಸ ರಸೀದಿಯನ್ನು ಕೈಗೆ ತೆಗೆದುಕೊಂಡ. ಪಟಕ್ಕೆ ಸಿಕ್ಕಿಸಲು ಹೋಗಿ, ತನ್ನ ಹೆಸರನ್ನು ಅಲ್ಲಿ ಹೇಗೆ ಸಿಕ್ಕಿಸುವುದು ಎಂದು ಹಿಂದೆಗೆದ. "ಹಾಗಾದ್ರೆ ಅಮ್ಮನ ಹೆಸರು ಎಲ್ಲೂ ಬರೋ ಹಾಗಿಲ್ವಾ? ಊಟದ ಹಾಲ್‌ಗಾದ್ರೂ?" ಎಂದು ಕೇಳಿದ. ತಪ್ಪು ಲೆಕ್ಕ ಮಾಡಿ ಮೇಷ್ಟ್ರ ಮೇಜಿನ ಮುಂದೆ ನಿಂತ ಹುಡುಗನ ಹಾಗಿತ್ತು ಅವನ ಮುಖ.

"ಬರೋ ಹಾಗಿಲ್ಲ," ಎಂದ ಯಜ್ಞನಾರಾಯಣ. "ಕಾನೂನು."

ಸ್ಟೇಷನ್ನಿಗೆ ಅದೇ ಲಾರಿ ಬಂತು. ರೈಲಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ರದ್ದಾದ ರಸೀದಿಯನ್ನು ಪುಸ್ತಕದ ಅದೇ ಹಾಳೆಗೆ ಮತ್ತೆ ಅಂಟಿಸಬೇಕೆಂಬುದು ಭೋಜನಾಲಯದ ನಿಯಮ, ಆ ನಿಯಮ ಬರೆದವನು ಅವನೇ. ಅದನ್ನು ಅಂಗಿಯ ಒಳಜೇಬಿನಿಂದ ತೆಗೆದು ಓದಿದ. ಶ್ರೀಮತಿ ಶಾಂತಮ್ಮನವರಿಂದ ಸಂದಾಯವಾಯಿತು, ಸಹಿ, ಯಜ್ಞನಾರಾಯಣ. ಅಡ್ಡಗೆರೆಯನ್ನು ಬಿಟ್ಟರೆ ಅದರಲ್ಲಿ ಸುಳ್ಳು ಏನೂ ಇರಲಿಲ್ಲ. ಮಡಿಸಿದ, ಮತ್ತೆ ಬಿಡಿಸಿ ಓದಿದ. ಗುರುವಾರ ಹುಡುಗರಿಗೆ ಬಂತಲ್ಲ, ಒಳ್ಳೆಯದೇ ಮಾಡಿದೆನಲ್ಲ ಎಂದು ಸಮಾಧಾನ ಹೇಳಿಕೊಂಡ. ನಾಳೆ ಒಂದು ಕಾರ್ಡು ಬರೆದು ಹಾಕಿದರೂ ಸಾಕು: ಕಲ್ಲಿನ ಮೇಲೆ ಅಮ್ಮನ ಹೆಸರು ಕೆತ್ತಿಸಬಹುದಂತೆ, ವಿಚಾರಿಸಿದೆ. ವಾಕ್ಯವನ್ನು ಮನಸ್ಸಿನಲ್ಲೇ ತಿದ್ದಿ ತೀಡಿ ಸಿದ್ಧ ಮಾಡಿದ. ತುಂಗೆಯ ಸೇತುವೆ ಬರುವಷ್ಟರಲ್ಲಿ ಅದನ್ನು ಬರೆಯುವುದಿಲ್ಲವೆಂದು ಅವನಿಗೆ ಗೊತ್ತಾಗಿತ್ತು.

ಅಂದೂ ಗುರುವಾರ. ಕೋಟೆ ಬೀದಿಯಲ್ಲಿ ಭೋಜನಾಲಯದ ಹುಡುಗರು ಎದುರಾಗಿ ನಮಸ್ಕಾರ ಸಾರ್ ಎನ್ನುತ್ತಾ ಮನೆಮನೆಯ ಕಡೆ ಹೋಗುತ್ತಿದ್ದರು. ಅವನ ಮನೆಯ ಪಾಲಿನವನು ಆಗಲೇ ಬಂದು ಒಳಗೆ ಕೂತಿದ್ದ. ವಿಮಲಮ್ಮ ಎಲೆ ಹಾಕುತ್ತಿದ್ದವಳು ತಲೆಯೆತ್ತಿ, ಹೋದ ಕೆಲಸ ಆಯಿತೇ ಎಂದು ಕೇಳಿದಳು. ಆಯಿತು, ಗುರುವಾರದ ಊಟಕ್ಕೂ ದುಡ್ಡು ಬರುತ್ತದೆ ಎಂದ. ಅವಳ ಮುಖ ಅರಳಿತು. ಊಟದ ಹಾಲ್‌ಗೆ ಯಾರ ಹೆಸರು ಎಂದು ಕೇಳಿದಳು. ವೆಂಕಟಾಚಲನದೇ ಎಂದ.

"ಅಯ್ಯೋ, ಅಷ್ಟು ಕಷ್ಟಪಟ್ಟು ಸಾಕಿದ ತಾಯಿ," ಎಂದಳು ವಿಮಲಮ್ಮ. "ಅವರ ಹೆಸರಿಡಬೇಕು ಅಂತ ಅವನಿಗೆ ಅನ್ನಿಸಲೇ ಇಲ್ವೇ?"

"ಅನ್ನಿಸಲಿಲ್ಲ ಅಂತ ಕಾಣ್ತದೆ," ಎಂದ.

ಅಂಗಿ ತೆಗೆದು ಗೂಟಕ್ಕೆ ನೇತುಹಾಕುವ ಮೊದಲು ಒಳಜೇಬನ್ನು ಒಂದು ಸಲ ಮುಟ್ಟಿ ನೋಡಿಕೊಂಡ. ಆಮೇಲೆ ಕೈಕಾಲು ತೊಳೆದುಕೊಂಡು ಬಂದು, ಹುಡುಗನ ಪಕ್ಕದ ಎಲೆಗೆ ಕೂತ.